ಸ್ವಂತ ಯಂತ್ರದಲ್ಲಿ ಪುಟ್ಟ ಭಾಷಾ ಮಾದರಿ: ಮೂರು ವಾರ ತಪ್ಪು ಜಾಗದಲ್ಲಿ ಹುಡುಕಿದ ಒಂದು ಪ್ರಕರಣ

ಹಿನ್ನೆಲೆ

ಈ ಬರಹದಲ್ಲಿ ಸಂಸ್ಥೆಯ ಹೆಸರಾಗಲಿ, ಅಲ್ಲಿ ದುಡಿಯುವವರ ಹೆಸರಾಗಲಿ ಬರುವುದಿಲ್ಲ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಕೆಲಸ ನಡೆದ ಕ್ರಮ, ನಾವು ಮಾಡಿದ ತೀರ್ಮಾನಗಳು, ಎಡವಿದ ಜಾಗಗಳು ಮಾತ್ರ ಇದ್ದ ಹಾಗೇ ಇವೆ.

ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಗಳನ್ನು ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಈ ಸಂಸ್ಥೆಯ ಕೆಲಸ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ, ಮತ್ತೆ ತೋರಿಸಬೇಕಾದ ದಿನ ನೆನಪಿದೆಯಾ, ಹೊಸ ತೊಂದರೆ ಏನಾದರೂ ಶುರುವಾಗಿದೆಯಾ ಎಂದು ಕೇಳುತ್ತಾರೆ. ಕರೆ ಮಾಡುವ ಮೊದಲು ನರ್ಸ್ ಒಬ್ಬರು ರೋಗಿಯ ಡಿಸ್ಚಾರ್ಜ್ ಸಮ್ಮರಿಯನ್ನು, ಅಂದರೆ ಮನೆಗೆ ಕಳಿಸುವಾಗ ಆಸ್ಪತ್ರೆ ಕೊಡುವ ಚಿಕಿತ್ಸೆಯ ಸಾರಾಂಶ ಪತ್ರವನ್ನು, ಪೂರ್ತಿ ಓದಿ, ಅದರಲ್ಲಿರುವುದನ್ನು ಹದಿನಾಲ್ಕು ಚೌಕಗಳ ಒಂದು ಫಾರಂಗೆ ಇಳಿಸಬೇಕು. ಒಂದೊಂದು ಆಸ್ಪತ್ರೆಯ ಸಮ್ಮರಿಗೆ ಒಂದೊಂದು ರೂಪ. ಕೆಲವು ಎರಡೇ ಪುಟ, ಕೆಲವು ಆರು. ರೋಗದ ವಿವರ ಇಂಗ್ಲಿಷಿನಲ್ಲಿದ್ದರೆ ಮನೆಯಲ್ಲಿ ಪಾಲಿಸಬೇಕಾದ ಸೂಚನೆಗಳು ಕನ್ನಡದಲ್ಲಿರುತ್ತವೆ. ಕೆಲವು ಪೂರ್ತಿ ಕನ್ನಡದಲ್ಲೇ ಇರುತ್ತವೆ. ಓದಿ ಇಳಿಸುವುದರಲ್ಲೇ ಹೊತ್ತು ಕಳೆದು, ಇವತ್ತು ಹೋಗಬೇಕಾದ ಕರೆ ನಾಳೆಗೆ, ನಾಡಿದ್ದಿಗೆ ಬೀಳುತ್ತಿತ್ತು.

ಈ ಫಾರಂ ತುಂಬುವ ಕೆಲಸವನ್ನು ಭಾಷಾ ಮಾದರಿಯೊಂದು, ಅಂದರೆ ಪಠ್ಯ ಓದಿ ಉತ್ತರ ಬರೆಯುವ ಕೃತಕ ಬುದ್ಧಿಮತ್ತೆಯ ತಂತ್ರಾಂಶ, ಮಾಡಬಲ್ಲುದೇ ಎಂಬುದು ಅವರ ಪ್ರಶ್ನೆ. ಅದಕ್ಕೊಂದು ಷರತ್ತು: ಸಮ್ಮರಿಯ ಒಂದು ಸಾಲೂ ಕಟ್ಟಡದಿಂದ ಹೊರಗೆ ಹೋಗಕೂಡದು. ರೋಗಿಗಳು ನಂಬಿ ಕೊಟ್ಟ ಕಾಗದ ಅದು. ಅಲ್ಲಿಗೆ ದೊಡ್ಡ ಕಂಪನಿಗಳ ಸೇವೆಗಳೆಲ್ಲ ಪಟ್ಟಿಯಿಂದ ಹೊರಬಿದ್ದವು. ಉಳಿದದ್ದು ವೆಯ್ಟ್‌ಗಳನ್ನು, ಅಂದರೆ ಮಾದರಿ ತರಬೇತಿಯಲ್ಲಿ ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳನ್ನು, ಇಳಿಸಿಕೊಂಡು ನಮ್ಮದೇ ಯಂತ್ರದಲ್ಲಿ ಓಡಿಸಬಹುದಾದ ಓಪನ್ ವೆಯ್ಟ್ ಮಾದರಿಗಳು. ಯಂತ್ರವೂ ಹೊಸದಲ್ಲ: 32 ಜಿಬಿ ಮೆಮೊರಿ, 12 ಜಿಬಿಯ ಒಂದು ಗ್ರಾಫಿಕ್ಸ್ ಕಾರ್ಡ್. ಇರುವುದರಲ್ಲೇ ಆಗಬೇಕು ಅಂದರು. ನಾನು ತಾಂತ್ರಿಕ ನೆರವಿಗೆ ಬಂದವನು.

ಕೊನೆಗೆ ಆರಿಸಿಕೊಂಡ ಮಾದರಿಯ ಹೆಸರನ್ನೂ ಹೇಳುತ್ತಿಲ್ಲ. ಹೇಳಿದರೆ ಓದುವವರ ಗಮನ ಆ ಮಾದರಿ ಒಳ್ಳೆಯದೋ ಕೆಟ್ಟದ್ದೋ ಎಂಬ ಕಡೆ ಹೋಗುತ್ತದೆ. ನಾವು ಎಡವಿದ ಜಾಗ ಬೇರೆ.

ಲೆಕ್ಕ

ಮೊದಲು ಯಂತ್ರದೊಳಗೆ ಏನು ಹಿಡಿಯುತ್ತದೆ ಎಂದು ನೋಡಬೇಕಿತ್ತು. ಲೆಕ್ಕಕ್ಕೆ ಹೆಚ್ಚು ಜನಕ್ಕೆ ಗೊತ್ತಿರುವ, ಮೆಟಾ ಕಂಪನಿಯ ಲಾಮಾ 3.1 ರ 8 ಬಿಲಿಯನ್ ಮಾದರಿಯನ್ನೇ ಇಟ್ಟುಕೊಳ್ಳೋಣ. ಸುಮಾರು 800 ಕೋಟಿ ವೆಯ್ಟ್‌ಗಳು. ಒಂದೊಂದಕ್ಕೆ 16 ಬಿಟ್, ಅಂದರೆ 2 ಬೈಟ್. ಒಟ್ಟು 16 ಜಿಬಿ. ಇದು 12 ಜಿಬಿ ಕಾರ್ಡಿನಲ್ಲಿ ಕೂರುವುದಿಲ್ಲ.

ಇಲ್ಲೇ ಕ್ವಾಂಟೈಸೇಷನ್, ಅಂದರೆ ವೆಯ್ಟ್‌ಗಳನ್ನು ದುಂಡಾಗಿಸಿ ಕಡಿಮೆ ಬಿಟ್‌ಗಳಲ್ಲಿ ಬರೆದಿಡುವುದು, ಬರುವುದು. ಸ್ವಂತ ಯಂತ್ರದಲ್ಲಿ ಓಡಿಸುವ ಮಾದರಿಗಳು ಸಾಮಾನ್ಯವಾಗಿ ಬರುವ ಜಿಜಿಯುಎಫ್ ಎಂಬ ಫೈಲುಗಳ ಸರಳ ನಾಲ್ಕು ಬಿಟ್ ಬಗೆಯಲ್ಲಿ 32 ವೆಯ್ಟ್‌ಗಳನ್ನು ಒಂದು ಗುಂಪಾಗಿ ಕಟ್ಟಿ, ಗುಂಪಿಗೊಂದು 16 ಬಿಟ್ಟಿನ ಅಳತೆ ಸಂಖ್ಯೆಯನ್ನು ಇಟ್ಟು, ಪ್ರತಿ ವೆಯ್ಟನ್ನೂ ಹದಿನಾರು ಮೆಟ್ಟಿಲುಗಳಲ್ಲಿ ಹತ್ತಿರದ್ದಕ್ಕೆ ದುಂಡಾಗಿಸುತ್ತಾರೆ. 32 ವೆಯ್ಟ್‌ಗೆ 18 ಬೈಟ್ ಆಗುವುದರಿಂದ ನಾಲ್ಕು ಬಿಟ್ ಎಂದು ಹೆಸರಾದರೂ ನಿಜದಲ್ಲಿ ತಲಾ 4.5 ಬಿಟ್. ಹೆಚ್ಚು ಬಳಕೆಯಲ್ಲಿರುವ ಕ್ಯೂ4-ಕೆ-ಎಂ ಬಗೆ ಕೆಲವು ಸೂಕ್ಷ್ಮ ಪದರಗಳಿಗೆ ಇನ್ನೂ ಹೆಚ್ಚು ಬಿಟ್ ಕೊಡುತ್ತದೆ, ಹಾಗಾಗಿ ಈ ಮಾದರಿಯ ಫೈಲು 4.9 ಜಿಬಿ ಆಸುಪಾಸು ಬರುತ್ತದೆ. ಎಂಟು ಬಿಟ್ಟಿನ ಕ್ಯೂ8-0 ಆದರೆ 8.5 ಜಿಬಿ.

ಇಷ್ಟು ನೋಡಿ ನಾಲ್ಕು ಬಿಟ್ಟಿನ ಫೈಲನ್ನೇ ತಂದೆವು. ಕಾರ್ಡಿನಲ್ಲಿ ಜಾಗ ಉಳಿಯುತ್ತದೆ, ವೇಗವೂ ಸಿಗುತ್ತದೆ ಎಂಬ ಲೆಕ್ಕ. ಮಾದರಿ ಪಠ್ಯವನ್ನು ಓದುವುದೂ ಬರೆಯುವುದೂ ಟೋಕನ್ ಎಂಬ ಚೂರುಗಳಲ್ಲಿ, ಅಂದರೆ ಪದ ಅಥವಾ ಪದದ ತುಣುಕುಗಳಲ್ಲಿ. ಒಂದೊಂದು ಟೋಕನ್ ಹೊರಡಿಸುವಾಗಲೂ ಅದು ತನ್ನ ವೆಯ್ಟ್‌ಗಳನ್ನೆಲ್ಲ ಮೆಮೊರಿಯಿಂದ ಒಮ್ಮೆ ಓದಬೇಕು; ಫೈಲು ಚಿಕ್ಕದಾದಷ್ಟೂ ಓಟ ಜೋರು. ನಮಗೆ ಆ ಓಟ ಬೇಕಿತ್ತಾ ಎಂದು ಆಗ ಯಾರೂ ಕೇಳಲಿಲ್ಲ. ಫಾರಂ ತುಂಬುವುದು ರಾತ್ರಿ ಪಾಳಿಯ ಕೆಲಸ, ಬೆಳಿಗ್ಗೆ ಎಂಟಕ್ಕೆ ಸಿದ್ಧವಿದ್ದರೆ ಸಾಕಿತ್ತು.

ಮಾದರಿಯನ್ನು ಆರಿಸಿದ್ದು ಬಹಿರಂಗವಾಗಿ ಸಿಗುವ ಅಂಕಪಟ್ಟಿಗಳನ್ನು ನೋಡಿ. ಅಲ್ಲಿ ಅಳೆಯುವುದು ಪರೀಕ್ಷೆಯ ಪ್ರಶ್ನೆಗಳನ್ನು, ಗಣಿತವನ್ನು, ಪ್ರೋಗ್ರಾಂ ಬರೆಯುವುದನ್ನು. ಸಮ್ಮರಿಯಲ್ಲಿರುವ ಮಾತ್ರೆಯ ಅಳತೆಯನ್ನು ಇದ್ದಂತೆಯೇ ಇಳಿಸುವ ಕೆಲಸ ಆ ಪಟ್ಟಿಗಳಲ್ಲಿಲ್ಲ. ಪಟ್ಟಿಯಿಂದ ನಮಗೆ ಸಿಕ್ಕ ನಿಜವಾದ ಉಪಯೋಗವೆಂದರೆ ಲೈಸೆನ್ಸ್ ಓದುವ ಅಭ್ಯಾಸ: ಕೆಲವು ಮಾದರಿಗಳು ಅಪಾಚೆ 2.0 ಎಂಬ ಮುಕ್ತ ಲೈಸೆನ್ಸಿನ ಅಡಿಯಲ್ಲಿ ಬರುತ್ತವೆ, ಕೆಲವಕ್ಕೆ ಕಂಪನಿಯದೇ ಷರತ್ತುಗಳಿರುತ್ತವೆ. ಅದನ್ನು ಮೊದಲೇ ನೋಡಿ ಮುಗಿಸಿದ್ದು ಒಳ್ಳೆಯದಾಯಿತು.

ಸಮಸ್ಯೆ

ಮೊದಲ ಸುತ್ತಿಗೆ ನಲವತ್ತು ಹಳೆಯ ಸಮ್ಮರಿಗಳನ್ನು ತೆಗೆದುಕೊಂಡೆವು. ಇಂಗ್ಲಿಷಿನವು ಹೆಚ್ಚು ಕಡಿಮೆ ಸರಿ ಬಂದವು. ಕನ್ನಡ ಬೆರೆತವುಗಳಲ್ಲಿ ಬಹುಪಾಲು ಕೆಟ್ಟುಹೋದವು. ಕೆಟ್ಟದ್ದು ಎಂದರೆ ಅರ್ಥವಿಲ್ಲದ ಅಕ್ಷರಗಳು ಬರಲಿಲ್ಲ. ಹದಿನಾಲ್ಕು ಚೌಕಗಳೂ ಅಚ್ಚುಕಟ್ಟಾಗಿ ತುಂಬಿದ್ದವು. ರೋಗಿಗೆ ಹೃದಯದ ತೊಂದರೆ ಇದ್ದರೆ ಚೌಕದಲ್ಲಿ ಬರೇ ಜ್ವರ ಎಂದಿತ್ತು. ಆಸ್ಪತ್ರೆಗೆ ಸೇರಿದ ದಿನ ಯಾವುದೋ, ವಯಸ್ಸು ಯಾರದೋ.

ಕೋಣೆಯಲ್ಲಿದ್ದ ಎಲ್ಲರ ಬಾಯಲ್ಲೂ ಒಂದೇ ಮಾತು: ನಾಲ್ಕು ಬಿಟ್‌ಗೆ ಇಳಿಸಿದ್ದಕ್ಕೇ ಕನ್ನಡ ಹೋಯಿತು. ಆ ಮಾತಿಗೆ ತರ್ಕವೂ ಇತ್ತು. ತರಬೇತಿಯಲ್ಲಿ ಕಡಿಮೆ ಕಂಡ ಭಾಷೆಯ ತಿಳಿವಳಿಕೆ ಮಾದರಿಯೊಳಗೆ ತೆಳ್ಳಗಿರುತ್ತದೆ, ದುಂಡಾಗಿಸಿದರೆ ಮೊದಲು ಸವೆಯುವುದು ಅದೇ ಎಂಬ ವಾದ. ನಾನೂ ನಂಬಿದೆ. ಈ ಬರಹ ಬರೆಯಲು ಕಾರಣವೇ ಆ ನಂಬಿಕೆ. ಕೇಳಲು ಚೆನ್ನಾಗಿದ್ದ ವಿವರಣೆ ಸಿಕ್ಕಿದ್ದರಿಂದ ಪರೀಕ್ಷಿಸಿ ನೋಡುವುದನ್ನು ಬಿಟ್ಟೆವು.

ಮಾಡಿ ನೋಡಿದ್ದು

ಮೂರು ವಾರ ಹೋಯಿತು. ಐದು ಬಿಟ್ ತಂದೆವು, ಆರು ಬಿಟ್ ತಂದೆವು. ಕನ್ನಡ ಪಠ್ಯವನ್ನು ಮಾದರಿಯ ಮೂಲಕ ಹಾಯಿಸಿ, ಯಾವ ವೆಯ್ಟ್ ಹೆಚ್ಚು ಮುಖ್ಯ ಎಂದು ಗುರುತಿಸಿಕೊಂಡು, ಅದಕ್ಕೆ ತಕ್ಕಂತೆ ಕ್ವಾಂಟೈಸ್ ಮಾಡುವ ವಿಧಾನವೂ ಇದೆ, ಅದನ್ನೂ ಮಾಡಿದೆವು. ಚಾಟ್ ಟೆಂಪ್ಲೇಟ್, ಅಂದರೆ ಕೋರಿಕೆಯನ್ನು ಮಾದರಿಗೆ ಜೋಡಿಸಿ ಕೊಡುವ ಅಚ್ಚು, ತಪ್ಪಿದೆಯೇನೋ ಎಂದು ಅದನ್ನು ಮಾದರಿಯ ಜೊತೆ ಬಂದದ್ದರ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿದೆವು, ಸರಿಯಾಗಿಯೇ ಇತ್ತು. ಮಾದರಿಗೆ ಕೊಡುವ ಸೂಚನೆಯ ಮಾತುಗಳನ್ನು ಹತ್ತಾರು ಬಾರಿ ತಿದ್ದಿದೆವು, ಉದಾಹರಣೆಗಳನ್ನು ಸೇರಿಸಿದೆವು. ಉದಾಹರಣೆ ಹೆಚ್ಚಿದಷ್ಟೂ ಫಲಿತಾಂಶ ಕೆಟ್ಟಿತು. ಅದೇ ಒಂದು ದೊಡ್ಡ ಸುಳಿವು. ನಮಗೆ ಕಾಣಲಿಲ್ಲ.

ಎಂಟು ಬಿಟ್ ಕೂಡ ಅದೇ ಸಮ್ಮರಿಗಳಲ್ಲಿ, ಹೆಚ್ಚು ಕಡಿಮೆ ಅದೇ ತಪ್ಪು ಮಾಡಿದಾಗ ತಂಡದ ಕಿರಿಯ ಇಂಜಿನಿಯರ್ ಒಬ್ಬರು ಕೇಳಿದರು: "ಸಾರ್, ಕ್ವಾಂಟೈಸ್ ಮಾಡದೇ ಇರೋ ಫೈಲು ಈ ಪತ್ರಗಳ ಮೇಲೆ ಹೇಗೆ ಬರುತ್ತೆ ಅಂತ ನಾವು ಒಂದು ಸಲನೂ ನೋಡೇ ಇಲ್ವಲ್ಲ?"

ನೋಡಿರಲಿಲ್ಲ. 16 ಬಿಟ್ಟಿನ ಫೈಲು ಕಾರ್ಡಿಗೆ ಹಿಡಿಯುವುದಿಲ್ಲ ಎಂದು ಮೊದಲ ದಿನವೇ ಬದಿಗಿಟ್ಟಿದ್ದೆವು. ಬಾಡಿಗೆ ಯಂತ್ರದಲ್ಲಿ ಓಡಿಸೋಣವೆಂದರೆ ಸಮ್ಮರಿ ಹೊರಗೆ ಹೋಗಬಾರದು. ಆದರೆ ಕಾರ್ಡೇ ಬೇಕೆಂದು ಯಾರು ಹೇಳಿದ್ದರು? 32 ಜಿಬಿಯ ಸಾಮಾನ್ಯ ಮೆಮೊರಿಯಲ್ಲಿ 16 ಜಿಬಿ ಫೈಲು ಕೂರುತ್ತದೆ. ಪ್ರೊಸೆಸರ್ ಮೇಲೆ ನಿಧಾನವಾಗಿ ಓಡುತ್ತದೆ, ಅಷ್ಟೇ. ಎರಡು ಚಾನೆಲ್ಲಿನ ಡಿಡಿಆರ್4-3200 ಮೆಮೊರಿ ಸೆಕೆಂಡಿಗೆ ಹೆಚ್ಚೆಂದರೆ 51.2 ಜಿಬಿ ಕೊಡಬಲ್ಲುದು. ಟೋಕನ್ನಿಗೊಮ್ಮೆ 16 ಜಿಬಿ ಓದಬೇಕೆಂದರೆ ಸೆಕೆಂಡಿಗೆ ಮೂರು ಚಿಲ್ಲರೆ ಟೋಕನ್ ದಾಟುವುದಿಲ್ಲ. ದಿನದ ಕೆಲಸಕ್ಕೆ ಆಗದ ವೇಗ, ಒಂದು ರಾತ್ರಿಯ ಪರೀಕ್ಷೆಗೆ ಧಾರಾಳ. ಸಂಜೆ ಹಚ್ಚಿ ಮನೆಗೆ ಹೋದೆವು.

ಬೆಳಿಗ್ಗೆ ಬಂದು ನೋಡಿದರೆ, ಕ್ವಾಂಟೈಸ್ ಮಾಡದ ಮಾದರಿಯೂ ಅವೇ ಸಮ್ಮರಿಗಳಲ್ಲಿ ಮುಗ್ಗರಿಸಿತ್ತು. ಜ್ವರವೆಂದಲ್ಲಿ ಜ್ವರವೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಮೂರು ವಾರ ನಾವು ಬಿಟ್‌ಗಳಿಗೆ ಬರೆ ಎಳೆದಿದ್ದೆವು.

ಲಾಗಿನಲ್ಲಿದ್ದ ಒಂದು ಸಂಖ್ಯೆ

ಆ ದಿನ ಮಧ್ಯಾಹ್ನ, ಮಾದರಿಯನ್ನು ಓಡಿಸುವ ಸರ್ವರಿನ ಲಾಗ್ (ನಡೆದದ್ದರ ದಾಖಲೆ) ತೆರೆದು ಕುಳಿತೆವು. ಒಂದೊಂದು ಕೋರಿಕೆಗೂ ಒಳಗೆ ಹೋದ ಟೋಕನ್ ಎಷ್ಟು ಎಂದು ಅದು ಬರೆದಿಡುತ್ತದೆ. ಸರಿ ಬಂದ ಸಮ್ಮರಿಗಳ ಮುಂದೆ ಬೇರೆ ಬೇರೆ ಸಂಖ್ಯೆಗಳಿದ್ದವು. ಕೆಟ್ಟುಹೋದವುಗಳ ಮುಂದೆ ಮಾತ್ರ ಒಂದೇ ಸಂಖ್ಯೆ, ಸಾಲಿನಿಂದ ಸಾಲಿಗೆ: 2048, 2048, 2048.

ನಾವು ಬಳಸಿದ ಸರ್ವರ್ ತಂತ್ರಾಂಶ, ಬೇರೆ ಹೇಳದಿದ್ದರೆ, ಕಾಂಟೆಕ್ಸ್ಟನ್ನು, ಅಂದರೆ ಮಾದರಿ ಒಂದು ಸಲಕ್ಕೆ ನೋಡಬಲ್ಲ ಪಠ್ಯದ ಉದ್ದವನ್ನು, 2048 ಟೋಕನ್ನಿಗೆ ನಿಲ್ಲಿಸುತ್ತಿತ್ತು. ಮಾದರಿಯ ವಿವರಣೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಸಂಖ್ಯೆ ಇತ್ತು. ಅದನ್ನು ಓದಿ ನಿಶ್ಚಿಂತರಾಗಿದ್ದೆವು. ಮಿತಿ ಮೀರಿದಾಗ ತಂತ್ರಾಂಶ ದೂರು ಹೇಳಲಿಲ್ಲ, ನಿಲ್ಲಲೂ ಇಲ್ಲ. ಮುಂಭಾಗವನ್ನು ಕತ್ತರಿಸಿ ಎಸೆದು, ಉಳಿದ ಬಾಲವನ್ನು ಮಾದರಿಗೆ ಕೊಟ್ಟಿತು. ಮುಂಭಾಗದಲ್ಲಿದ್ದದ್ದು ನಮ್ಮ ಸೂಚನೆಗಳು, ಸಮ್ಮರಿಯ ಮೊದಲ ಪುಟ: ಹೆಸರು, ವಯಸ್ಸು, ರೋಗನಿರ್ಣಯ. ಮಾದರಿಗೆ ಸಿಕ್ಕದ್ದು "ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಬನ್ನಿ" ಎಂಬಂಥ ಕೊನೆಯ ಪುಟದ ಸೂಚನೆ. ಕಂಡದ್ದನ್ನೇ ಅದು ಬರೆದಿತ್ತು. ಉದಾಹರಣೆ ಸೇರಿಸಿದಂತೆಲ್ಲ ಕೆಟ್ಟದ್ದು ಏಕೆಂದೂ ಆಗ ಹೊಳೆಯಿತು: ಉದಾಹರಣೆಗಳೂ ಜಾಗ ತಿನ್ನುತ್ತಿದ್ದವು.

ಕನ್ನಡದವೇ ಏಕೆ ಕೆಟ್ಟವು? ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳನ್ನೂ ಬರೆದಿಡುವ ಯೂನಿಕೋಡಿನ ಯುಟಿಎಫ್-8 ಬರಹದಲ್ಲಿ ಕನ್ನಡದ ಪ್ರತಿ ಅಕ್ಷರ, ಒತ್ತು ಕಟ್ಟುವ ಪ್ರತಿ ಅರ್ಧಾಕ್ಷರ ಚಿಹ್ನೆ (್), ಪ್ರತಿ ಗುಣಿತದ ಚಿಹ್ನೆಗೂ 3 ಬೈಟ್. "ರಕ್ತದೊತ್ತಡ" ಎಂಬ ಒಂದು ಪದದಲ್ಲಿ ಅಂಥ ಹತ್ತು ಚಿಹ್ನೆಗಳಿವೆ, ಅಂದರೆ 30 ಬೈಟ್. ಇಂಗ್ಲಿಷಿನಲ್ಲಿ ಅದನ್ನೇ ಎರಡು ಪದದಲ್ಲಿ ಬರೆದರೂ ನಡುವಿನ ಖಾಲಿ ಜಾಗ ಸೇರಿ 14 ಬೈಟ್. ಅದಕ್ಕಿಂತ ದೊಡ್ಡ ವ್ಯತ್ಯಾಸ ಇರುವುದು ಪಠ್ಯವನ್ನು ಟೋಕನ್‌ಗಳಾಗಿ ಒಡೆಯುವ ಟೋಕನೈಸರಿನಲ್ಲಿ. ಕನ್ನಡವನ್ನು ಕಡಿಮೆ ಕಂಡ ಟೋಕನೈಸರ್ ಪದವನ್ನು ಪದವಾಗಿ ಹಿಡಿಯದೆ ಚೂರುಚೂರು ಮಾಡುತ್ತದೆ. ತೀರಾ ಕೆಟ್ಟ ಸ್ಥಿತಿಯಲ್ಲಿ ಒಂದೊಂದು ಬೈಟೂ ಒಂದು ಟೋಕನ್ ಆಗುತ್ತದೆ. ಲಾಮಾ 2 ರ ಪದಕೋಶದಲ್ಲಿ 32 ಸಾವಿರ ಟೋಕನ್, ಲಾಮಾ 3 ರಲ್ಲಿ 1.28 ಲಕ್ಷ, ಗೂಗಲ್‌ನ ಜೆಮ್ಮಾ ಮಾದರಿಗಳಲ್ಲಿ 2.56 ಲಕ್ಷ ಅಥವಾ ಇನ್ನೂ ಹೆಚ್ಚು. ಪದಕೋಶ ದೊಡ್ಡದಾದ ಮಾತ್ರಕ್ಕೆ ಕನ್ನಡಕ್ಕೆ ಅದರಲ್ಲಿ ಪಾಲು ಸಿಕ್ಕಿದೆ ಎಂದಲ್ಲ. ಇದನ್ನು ಅಳೆಯುವುದು ಸುಲಭ: ನಮ್ಮದೇ ಒಂದು ಪುಟವನ್ನು ಟೋಕನೈಸರಿಗೆ ಕೊಟ್ಟು ಎಣಿಸಿದರಾಯಿತು. ಐದು ನಿಮಿಷದ ಕೆಲಸ. ಮೊದಲ ದಿನ ಮಾಡಿದ್ದರೆ ಎರಡು ಪುಟದ ಕನ್ನಡ ಸಮ್ಮರಿಯೇ 2048 ದಾಟುವುದು ಕಾಣುತ್ತಿತ್ತು.

ಇನ್ನೊಂದು ವಿಷಯ ಈ ತಪ್ಪನ್ನು ಮುಚ್ಚಿಟ್ಟಿತ್ತು. ಉತ್ತರ ಯಾವಾಗಲೂ ಫಾರಂನ ರೂಪದಲ್ಲೇ ಬರಲೆಂದು ನಾವು ವ್ಯಾಕರಣವೊಂದನ್ನು, ಅಂದರೆ ಯಾವ ಜಾಗದಲ್ಲಿ ಏನು ಬರಬಹುದು ಎಂಬ ನಿಯಮಗಳ ಪಟ್ಟಿಯನ್ನು, ಕಟ್ಟಿದ್ದೆವು. ಪ್ರತಿ ಹೆಜ್ಜೆಯಲ್ಲೂ ರೂಪಕ್ಕೆ ಹೊಂದದ ಟೋಕನ್‌ಗಳನ್ನು ಸರ್ವರ್ ತಡೆಹಿಡಿಯುತ್ತದೆ. ಹಾಗಾಗಿ ಸೂಚನೆಗಳು ಪೂರ್ತಿ ಕಳೆದುಹೋದರೂ ಹದಿನಾಲ್ಕು ಚೌಕ ತುಂಬಿ ಬರುತ್ತಿತ್ತು. ವ್ಯಾಕರಣ ಇಲ್ಲದಿದ್ದರೆ ಮಾದರಿ ಏನೋ ಹರಟೆ ಹೊಡೆಯುತ್ತಿತ್ತು, "ಅರೆ, ಇದಕ್ಕೆ ಸೂಚನೆಯೇ ತಲುಪಿಲ್ಲ" ಎಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು. ಅಂದಿನಿಂದ ಹೊಸ ಮಾದರಿ ಬಂದಾಗ ಮೊದಲ ಸುತ್ತನ್ನು ವ್ಯಾಕರಣ ಬಿಚ್ಚಿಯೇ ಓಡಿಸುತ್ತೇನೆ.

ಮಿತಿಯನ್ನು 8192 ಕ್ಕೆ ಏರಿಸಿದೆವು. ಅದಕ್ಕೂ ಮೆಮೊರಿ ಬೇಕು, ಏಕೆಂದರೆ ಓದಿದ ಒಂದೊಂದು ಟೋಕನ್ನಿಗೂ ಮಾದರಿ ಕೀ, ವ್ಯಾಲ್ಯೂ (ಕೆವಿ) ಎಂಬ ಸಂಖ್ಯೆಗಳ ಪಟ್ಟಿಗಳನ್ನು ಇಟ್ಟುಕೊಳ್ಳುತ್ತದೆ. ಲಾಮಾ 3.1 8 ಬಿಲಿಯನ್ನಿನಂಥ ರಚನೆಯಲ್ಲಿ 32 ಪದರ, ಪದರಕ್ಕೆ 8 ಕೆವಿ ಹೆಡ್, ಹೆಡ್ಡಿಗೆ 128 ಸಂಖ್ಯೆ, ಕೀ ಮತ್ತು ವ್ಯಾಲ್ಯೂ ಎಂದು ಎರಡು, ಸಂಖ್ಯೆಗೆ 2 ಬೈಟ್. ಗುಣಿಸಿದರೆ ಟೋಕನ್ನಿಗೆ 128 ಕೆಬಿ. 8192 ಟೋಕನ್ನಿಗೆ ಸರಿಯಾಗಿ 1 ಜಿಬಿ. ಎಂಟು ಬಿಟ್ಟಿನ ಫೈಲಿನ ಜೊತೆಗೂ ಇದು 12 ಜಿಬಿಯೊಳಗೆ ಕೂರುತ್ತದೆ. ಕೆಟ್ಟಿದ್ದ ಸಮ್ಮರಿಗಳಲ್ಲಿ ಬಹುಪಾಲು ಅದೇ ಸಂಜೆ ಸರಿಯಾದವು, ನಾಲ್ಕು ಬಿಟ್ಟಿನಲ್ಲೇ.

ಸಿಸ್ಟರ್ ಹಿಡಿದ ತಪ್ಪು

ಇಷ್ಟಕ್ಕೆ ನಾವು ಗೆದ್ದೆವು ಅಂದುಕೊಂಡಿದ್ದೆವು. ಹಿರಿಯ ಸಿಸ್ಟರ್ ಒಬ್ಬರು ಫಲಿತಾಂಶದ ಹಾಳೆ ಮತ್ತು ಸಮ್ಮರಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಪೆನ್ಸಿಲ್ ಹಿಡಿದು ಒಂದೊಂದೇ ಚೌಕಕ್ಕೆ ಗುರುತು ಹಾಕುತ್ತ ಕುಳಿತರು. ಒಂಬತ್ತನೆಯದರಲ್ಲಿ ನಿಂತರು.

"ಸಾರ್, ಈ ಪತ್ರದಲ್ಲಿ ಮತ್ತೆ ಬರಬೇಕಾದ ದಿನವೇ ಇಲ್ಲ. ತೊಂದರೆಯಾದರೆ ಬನ್ನಿ ಅಂತ ಮಾತ್ರ ಇದೆ. ಹದಿನೈದನೇ ತಾರೀಖು ಅಂತ ಇದು ಎಲ್ಲಿಂದ ತಂತು?"

ನಾನು ಪರದೆಯಲ್ಲಿ ಸಮ್ಮರಿ ತೆರೆದು ಹುಡುಕಿದೆ. ತಾರೀಖು ಎಲ್ಲೂ ಇಲ್ಲ. ಮಾದರಿ ಕಲ್ಪಿಸಿಕೊಂಡಿದೆ, ಇವು ಹೀಗೇ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ತಮ್ಮ ಕಾಗದದ ಫಾರಂ ಎತ್ತಿ ತೋರಿಸಿದರು. "ನಮ್ಮ ಫಾರಂನಲ್ಲಿ ಪ್ರತಿ ಸಾಲಿನ ಕೊನೆಗೆ 'ಪತ್ರದಲ್ಲಿಲ್ಲ' ಅಂತ ಒಂದು ಚೌಕ ಇದೆಯಲ್ಲ. ಇದಕ್ಕೆ ಅದನ್ನು ಕೊಟ್ಟಿಲ್ಲವಾ?"

ಕೊಟ್ಟಿರಲಿಲ್ಲ. ದಿನಾಂಕದ ಜಾಗದಲ್ಲಿ ದಿನ, ತಿಂಗಳು, ವರ್ಷ ಬರಲೇಬೇಕು ಎಂದು ನಮ್ಮ ವ್ಯಾಕರಣ ಹೇಳುತ್ತಿತ್ತು. ಇಲ್ಲ ಎನ್ನಲು ಮಾದರಿಗೆ ದಾರಿಯೇ ಇರಲಿಲ್ಲ. ಅಂಕಿ ಬಿಟ್ಟು ಬೇರೆ ಟೋಕನ್ ಬಂದರೆ ಸರ್ವರ್ ತಡೆಯುತ್ತಿತ್ತು. ಆ ಸುಳ್ಳು ತಾರೀಖನ್ನು ಅದರಿಂದ ಬರೆಸಿದವರು ನಾವು. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಕಾಂಟೆಕ್ಸ್ಟ್ ಮಿತಿ ಬೇರೆಯವರು ಬರೆದ ತಂತ್ರಾಂಶದ ಸಂಗತಿ, ನೋಡದೆ ಬಿಟ್ಟದ್ದು ನಮ್ಮ ತಪ್ಪು. ಈ ವ್ಯಾಕರಣವಾದರೋ ನಾನೇ ಕೂತು ಬರೆದದ್ದು. ಸಿಸ್ಟರ್ ಮಾಡುವ ಕೆಲಸವನ್ನು ಒಂದು ದಿನ ಪಕ್ಕದಲ್ಲಿ ಕುಳಿತು ನೋಡಿದ್ದರೆ ಆ ಚೌಕ ನನ್ನ ಕಣ್ಣಿಗೂ ಬೀಳುತ್ತಿತ್ತು.

ಪ್ರತಿ ಚೌಕಕ್ಕೂ "ಪತ್ರದಲ್ಲಿಲ್ಲ" ಎಂಬ ಆಯ್ಕೆ ಸೇರಿಸಿದೆವು. ಕಲ್ಪಿಸಿದ ತಾರೀಖುಗಳು ತೀರಾ ವಿರಳವಾದವು. ಬದಲಿಗೆ, ಪತ್ರದಲ್ಲಿದ್ದರೂ "ಇಲ್ಲ" ಎನ್ನುವ ಚಾಳಿ ಅಲ್ಲಲ್ಲಿ ಶುರುವಾಯಿತು. ಯಾವುದು ಮೇಲು? ನಾನು ಉತ್ತರಿಸುವ ಪ್ರಶ್ನೆ ಅದಲ್ಲ, ಸಿಸ್ಟರನ್ನೇ ಕೇಳಿದೆವು. ಖಾಲಿ ಬಿಟ್ಟರೆ ನಾನು ನೋಡಿ ತುಂಬುತ್ತೇನೆ, ತಪ್ಪು ತುಂಬಿದ್ದರೆ ನಾನು ನೋಡುವುದೇ ಇಲ್ಲ, ಅಂದರು. ಅಲ್ಲಿಂದ ಸರಿ-ತಪ್ಪು ಎಂಬ ಎರಡು ಕಂಬಸಾಲು ಬಿಟ್ಟು ಮೂರು ಮಾಡಿದೆವು: ಸರಿ, ಖಾಲಿ, ತಪ್ಪು. ತಪ್ಪಿನೊಳಗೂ ಮಾತ್ರೆಯ ಅಳತೆಯ ತಪ್ಪು ಒಂದು ಕಡೆ, ವಾರ್ಡಿನ ಹೆಸರಿನ ತಪ್ಪು ಇನ್ನೊಂದು ಕಡೆ. ಎಲ್ಲವನ್ನೂ ಕೂಡಿಸಿ ಒಂದೇ ಶೇಕಡಾ ಅಂಕ ಕೊಡುವುದನ್ನು ನಿಲ್ಲಿಸಿದೆವು.

ಬಿಟ್‌ಗಳ ನಿಜವಾದ ವ್ಯತ್ಯಾಸ

ಈಗ ಮೊದಲ ಪ್ರಶ್ನೆಗೆ ಮರಳಬಹುದಿತ್ತು: ನಾಲ್ಕು, ಎಂಟು, ಹದಿನಾರು ಬಿಟ್‌ಗಳಲ್ಲಿ ವ್ಯತ್ಯಾಸ ಇದೆಯೇ? ಪರೀಕ್ಷೆಯ ಕಟ್ಟನ್ನು 150 ಸಮ್ಮರಿಗೆ ಬೆಳೆಸಿದೆವು. ಸರಿಯುತ್ತರಗಳನ್ನು ಇಬ್ಬರು ಸಿಸ್ಟರ್‌ಗಳು ಒಬ್ಬರದನ್ನೊಬ್ಬರು ನೋಡದೆ ಬರೆದರು. ಅವರಿಬ್ಬರಲ್ಲೇ ಭಿನ್ನಾಭಿಪ್ರಾಯ ಬಂದ ಚೌಕಗಳು ಸಿಕ್ಕವು. ಅಂಥವನ್ನು ಕೂಡಿ ಚರ್ಚಿಸಿ ಇತ್ಯರ್ಥ ಮಾಡಿದರು, ಇತ್ಯರ್ಥವಾಗದ್ದನ್ನು ಲೆಕ್ಕದಿಂದ ತೆಗೆದೆವು. ಮನುಷ್ಯರೇ ಒಪ್ಪದ ಕಡೆ ಮಾದರಿಗೆ ಅಂಕ ಕೊಡುವುದರಲ್ಲಿ ಅರ್ಥವಿಲ್ಲ.

ಮೂರು ಫೈಲುಗಳಿಗೂ ಅದೇ ಸಮ್ಮರಿ, ಅದೇ ಸೂಚನೆ, ಟೆಂಪರೇಚರ್ (ಉತ್ತರದ ಆಯ್ಕೆಯಲ್ಲಿ ಅದೃಷ್ಟಕ್ಕೆ ಎಷ್ಟು ಪಾಲು ಎಂಬ ಹೊಂದಿಕೆ) ಸೊನ್ನೆ. ಒಟ್ಟು ಅಂಕಗಳನ್ನು ಹೋಲಿಸುವ ಬದಲು, ಒಂದು ಫೈಲು ಸರಿ ಹೇಳಿ ಇನ್ನೊಂದು ತಪ್ಪಿದ ಚೌಕಗಳನ್ನು ಮಾತ್ರ ಹೆಕ್ಕಿ ತೆಗೆದೆವು. 150 ರಷ್ಟು ಚಿಕ್ಕ ಕಟ್ಟಿನಲ್ಲಿ ಒಂದೆರಡು ಶೇಕಡಾ ವ್ಯತ್ಯಾಸ ಬರೇ ಅದೃಷ್ಟದಿಂದಲೂ ಬರಬಹುದು. ಜೋಡಿ ಜೋಡಿಯಾಗಿ ಕಣ್ಣಿಟ್ಟು ನೋಡಿದರೆ ಯಾವ ಬಗೆಯ ತಪ್ಪು ಎಂದು ಕಾಣುತ್ತದೆ. ಎಂಟು ಬಿಟ್ಟಿಗೂ ಹದಿನಾರಕ್ಕೂ ನಮ್ಮ ಕೆಲಸದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ನಾಲ್ಕಕ್ಕೂ ಎಂಟಕ್ಕೂ ಸಿಕ್ಕಿತು. ಬೆರಳೆಣಿಕೆಯ ಚೌಕಗಳು, ಆದರೆ ಎಲ್ಲ ಒಂದೇ ಜಾತಿಯವು: ಅಳತೆಯ ಮಾನ, ಉದ್ದನೆಯ ಅಂಕಿ, ನಿಲ್ಲಿಸಿದ ಔಷಧಿಯನ್ನು ಮುಂದುವರಿದಿದೆ ಎಂದು ಬರೆಯುವುದು. ಒಂದು ಸಮ್ಮರಿಯಲ್ಲಿ ಥೈರಾಯ್ಡಿನ ಮಾತ್ರೆ ಲೆವೊಥೈರಾಕ್ಸಿನ್ 62.5 ಮೈಕ್ರೋಗ್ರಾಂ ಎಂದಿತ್ತು. ನಾಲ್ಕು ಬಿಟ್ಟಿನ ಫೈಲು ಅದನ್ನು 62.5 ಮಿಲಿಗ್ರಾಂ ಮಾಡಿತು. ಒಂದೇ ಪದದ ತಪ್ಪು. ಸಾವಿರ ಪಟ್ಟು ಅಳತೆ.

ಕ್ವಾಂಟೈಸೇಷನ್ನಿನ ನಷ್ಟವನ್ನು ಅಳೆಯಲು ಸಾಮಾನ್ಯವಾಗಿ ಪರ್ಪ್ಲೆಕ್ಸಿಟಿ, ಅಂದರೆ ಮುಂದಿನ ಟೋಕನ್ ಊಹಿಸುವಾಗ ಮಾದರಿ ಎಷ್ಟು ತಡವರಿಸುತ್ತದೆ ಎಂಬ ಅಳತೆ, ನೋಡುತ್ತಾರೆ. ಅದು ದೊಡ್ಡ ಪಠ್ಯವೊಂದರ ಎಲ್ಲ ಟೋಕನ್‌ಗಳ ಮೇಲೆ ತೆಗೆದ ಸರಾಸರಿ. "ಮೈಕ್ರೋ" ಹೋಗಿ "ಮಿಲಿ" ಆದ ಒಂದು ಟೋಕನ್ ಆ ಸರಾಸರಿಯೊಳಗೆ ಉಪ್ಪಿನ ಹರಳಿನಂತೆ ಕರಗಿಹೋಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಎತ್ತಿ ಬರೆಯುವ ಕೆಲಸಕ್ಕೆ ಅದನ್ನು ನೆಚ್ಚಬಾರದು.

ಎಂಟು ಬಿಟ್ಟನ್ನೇ ಇಟ್ಟುಕೊಂಡೆವು. ರಾತ್ರಿಯಿಡೀ ಸಮಯವಿದೆ, ನಿಧಾನವಾದರೆ ಆಗಲಿ. ಆದರೆ ಎಂಟು ಬಿಟ್ಟಿನಲ್ಲಿ ಅಳತೆಯ ಮಾನ ಒಂದೂ ತಪ್ಪಲಿಲ್ಲ ಎಂಬುದನ್ನು ನಾವು ಭರವಸೆಯಾಗಿ ತೆಗೆದುಕೊಳ್ಳಲಿಲ್ಲ. 150 ರಲ್ಲಿ ಒಂದೂ ತಪ್ಪು ಕಾಣದಿದ್ದಾಗ ಸಂಖ್ಯಾಶಾಸ್ತ್ರ ಹೇಳುವುದಿಷ್ಟು: ನಿಜವಾದ ತಪ್ಪಿನ ಪ್ರಮಾಣ ಇನ್ನೂ 3 ಭಾಗಿಸು 150, ಅಂದರೆ ಶೇಕಡಾ 2 ರವರೆಗೆ ಇರಬಹುದು. ನೂರಕ್ಕೆ ಇಬ್ಬರು ರೋಗಿಗಳ ಮಾತ್ರೆಯ ಅಳತೆ ತಪ್ಪಬಹುದಾದ ವ್ಯವಸ್ಥೆಯನ್ನು ಯಾರೂ ಒಪ್ಪಬಾರದು.

ಹಾಗಾಗಿ ಕೆಲಸದ ರೂಪವನ್ನೇ ಬದಲಿಸಿದೆವು. ಔಷಧಿಯ ಚೌಕವನ್ನು ಮಾದರಿ ತುಂಬುವುದಿಲ್ಲ. ಔಷಧಿ ಇರುವ ಸಾಲನ್ನು ಸಮ್ಮರಿಯಿಂದ ಅಕ್ಷರಶಃ ಎತ್ತಿ ಕೊಡುತ್ತದೆ. ಆ ಸಾಲು ಮೂಲದಲ್ಲಿ ಹಾಗೇ ಇದೆಯೇ ಎಂದು ಒಂದು ಸಾಮಾನ್ಯ ಪ್ರೋಗ್ರಾಂ ಹೋಲಿಸುತ್ತದೆ. ಇದ್ದರೆ ಸಿಸ್ಟರ್ ಮುಂದೆ ಮೂಲ ಪುಟದ ಆ ಜಾಗ ಬಣ್ಣ ಹಚ್ಚಿ ತೆರೆಯುತ್ತದೆ, ಅವರು ಓದಿ ತುಂಬುತ್ತಾರೆ. ಇಲ್ಲದಿದ್ದರೆ ಕೆಂಪು ಗುರುತು.

ಮೊದಲ ದಿನ ಕೆಂಪು ಗುರುತುಗಳ ರಾಶಿಯೇ ಬಂತು. ಕಣ್ಣಿಗೆ ಎರಡೂ ಸಾಲು ಒಂದೇ, ಪ್ರೋಗ್ರಾಂ ಬೇರೆ ಎನ್ನುತ್ತಿತ್ತು. ಕನ್ನಡದ "ೊ" ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, "ೆ" ಮತ್ತು "ೂ" ಎಂಬ ಎರಡರ ಜೋಡಿಯಾಗಿಯೂ ಬರೆಯಬಹುದು. ಸಮ್ಮರಿಯಲ್ಲಿ ಒಂದು ಬಗೆ, ಮಾದರಿ ಬರೆದದ್ದು ಇನ್ನೊಂದು ಬಗೆ. ಜೊತೆಗೆ ಕಣ್ಣಿಗೆ ಕಾಣದ ಜೋಡಕ ಸಂಕೇತಗಳು, ಕನ್ನಡ ಅಂಕಿ-ಇಂಗ್ಲಿಷ್ ಅಂಕಿಗಳ ವ್ಯತ್ಯಾಸ. ಎರಡೂ ಕಡೆಯ ಪಠ್ಯವನ್ನು ಯೂನಿಕೋಡಿನ ಒಂದೇ ಸಾಮಾನ್ಯ ರೂಪಕ್ಕೆ ತಂದು, ಜೋಡಕ ಸಂಕೇತಗಳನ್ನು ತೆಗೆದು, ಅಂಕಿಗಳನ್ನೂ ಒಂದೇ ಬಗೆ ಮಾಡಿ ಹೋಲಿಸಿದ ಮೇಲೆ ನಿಜವಾದ ತಪ್ಪುಗಳು ಮಾತ್ರ ಕೆಂಪಾಗಿ ಉಳಿದವು.

ಪ್ರಕರಣದಿಂದ ತೆಗೆದುಕೊಂಡದ್ದು

ಇದೇ ದಾರಿಯಲ್ಲಿ ಹೊರಟವರಿಗೆ ನಾನು ಒತ್ತಿ ಹೇಳುವುದು ಒಂದೇ. ಕ್ವಾಂಟೈಸ್ ಮಾಡಿದ ಮಾದರಿ ತಪ್ಪಿದಾಗ ಕ್ವಾಂಟೈಸೇಷನ್ನಿನ ಮೇಲೆ ಹೊರಿಸುವ ಮೊದಲು, ಅದೇ ಮಾದರಿಯ ಪೂರ್ಣ ಫೈಲನ್ನು ಅದೇ ವ್ಯವಸ್ಥೆಯಲ್ಲಿ, ಎಷ್ಟೇ ನಿಧಾನವಾದರೂ, ಹತ್ತಿಪ್ಪತ್ತು ದಾಖಲೆಗಳ ಮೇಲಾದರೂ ಓಡಿಸಿ ನೋಡಿ. ತಪ್ಪು ಅಲ್ಲೂ ಇದ್ದರೆ ಬಿಟ್‌ಗಳನ್ನು ಬಿಟ್ಟು ಟೋಕನ್ ಎಣಿಕೆ, ಟೆಂಪ್ಲೇಟ್, ವ್ಯಾಕರಣ, ಸೂಚನೆ ಇವುಗಳ ಕಡೆ ತಿರುಗಿ. ಇಲ್ಲದಿದ್ದರೆ ಬಿಟ್ ಏರಿಸುವುದಕ್ಕೆ ಅರ್ಥವಿದೆ. ಈ ಒಂದು ಪರೀಕ್ಷೆ ಮಾಡದೆ ನಾವು ಕಳೆದ ಮೂರು ವಾರದಲ್ಲಿ ಎಷ್ಟೋ ಕರೆಗಳು ತಡವಾಗಿ ಹೋದವು. ಆ ನಷ್ಟ ಅನುಭವಿಸಿದವರು ರೋಗಿಗಳು.

ನಾವು ಪರೀಕ್ಷಿಸುತ್ತಿದ್ದದ್ದು ಮಾದರಿಯನ್ನು ಎಂದುಕೊಂಡಿದ್ದೂ ಪೂರ್ತಿ ಸರಿಯಲ್ಲ. ಫೈಲು, ಸರ್ವರಿನ ಆವೃತ್ತಿ, ಅದರ ಮಿತಿಗಳು, ಸೂಚನೆ, ವ್ಯಾಕರಣ, ಹಿಂದಿನ ಹೋಲಿಕೆಯ ಪ್ರೋಗ್ರಾಂ ಎಲ್ಲ ಸೇರಿದ್ದು ಒಂದು ವ್ಯವಸ್ಥೆ. ಇದರಲ್ಲಿ ಯಾವುದೊಂದು ಬದಲಾದರೂ 150 ಸಮ್ಮರಿಗಳ ಕಟ್ಟು ಮತ್ತೊಮ್ಮೆ ಓಡುತ್ತದೆ. ಸರ್ವರನ್ನು ಒಮ್ಮೆ ಹೊಸ ಆವೃತ್ತಿಗೆ ಏರಿಸಿದಾಗ ನಮ್ಮ ಕಾಂಟೆಕ್ಸ್ಟ್ ಮಿತಿಯ ಹೊಂದಿಕೆ ಬಿಟ್ಟುಹೋಗಿ ಹಳೆಯ ತಪ್ಪು ಮರಳಿ ಬಂದಿತ್ತು. ಕಟ್ಟು ಅದನ್ನು ಅದೇ ರಾತ್ರಿ ಹಿಡಿಯಿತು.

ಈಗ ಪ್ರತಿ ಸಮ್ಮರಿ ಮಾದರಿಗೆ ಹೋಗುವ ಮೊದಲು ಅದರ ಟೋಕನ್ ಎಣಿಸಿ, ಉತ್ತರಕ್ಕೆ ಬೇಕಾದ ಜಾಗವನ್ನೂ ಸೇರಿಸಿ, ಮಿತಿ ಮೀರಿದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಅದು ಸಿಸ್ಟರ್ ಕೈಗೆ ಹೋಗುತ್ತದೆ. ಕೈಬರಹದ ಸಮ್ಮರಿಗಳು, ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬಂದವು ಇನ್ನೂ ಪೂರ್ತಿ ಮನುಷ್ಯರ ಪಾಲಿಗೇ ಇವೆ. ಉಳಿದವಕ್ಕೆ ಓದಿ ಇಳಿಸುವ ಸಮಯ ಅರ್ಧಕ್ಕಿಂತ ಕಡಿಮೆಯಾಗಿದೆ ಎಂದು ಸಿಸ್ಟರ್‌ಗಳು ಹೇಳುತ್ತಾರೆ, ಆ ದಿನದ ಕರೆ ಆ ದಿನವೇ ಹೋಗುತ್ತಿದೆ. ಹಿರಿಯ ಸಿಸ್ಟರ್ ಮೇಜಿನ ಮೇಲೆ "ಕಷ್ಟದ ಪತ್ರಗಳು" ಎಂದು ಬರೆದ ನೀಲಿ ಫೈಲೊಂದಿದೆ. ಮಾದರಿ ಎಡವಿದ್ದನ್ನೆಲ್ಲ ಅವರು ಅದರೊಳಗೆ ಹಾಕುತ್ತಾರೆ. ತಿಂಗಳ ಕೊನೆಗೆ ಅವು ನಮ್ಮ ಪರೀಕ್ಷೆಯ ಕಟ್ಟಿಗೆ ಸೇರುತ್ತವೆ. ಈ ತಿಂಗಳು ಅದರಲ್ಲಿ ನಾಲ್ಕು ಪತ್ರಗಳಿವೆ.